ನಮ್ಮ ಹೊಸಮನೆ, ಅವರ ಎಚೆವೆರ್ರಿಯಾ

ತೀರ್ಥಹಳ್ಳಿಯ ಕಡೆಯ ನಮ್ಮೂರಿನಲ್ಲಿ ನಮ್ಮ ಮನೆಯನ್ನು ‘ಹೊಸಮನೆ’ ಎಂದು ಕರೆಯುತ್ತಾರೆ. ಮುತ್ತಜ್ಜನ ಕಾಲದಲ್ಲಿ ಅಣ್ಣತಮ್ಮಂದಿರು ಹಿಸ್ಸೆಯಾದಾಗ ತೋಟದ ಆಚೆ ಬದಿಗೆ ಕಟ್ಟಿದ ಮನೆಯಿದು. ಮೂಲಮನೆ ಬಿದ್ದುಹೋಗಿ ಎಷ್ಟೋ ಮಳೆಗಾಲಗಳು ಕಳೆದು, ಈಗ ಊರಿನಲ್ಲಿ ಇದಕ್ಕಿಂತ ಹಳೆಯ ಮನೆಯೇ ಇಲ್ಲವಾದರೂ ಹೆಸರು ಮಾತ್ರ ಹೊಸಮನೆಯಾಗಿಯೇ ಉಳಿದಿದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಎಂದಿದ್ದಲ್ಲಿ ನಾನು ಬರೆದದ್ದೂ ಅದನ್ನೇ.

ಶಿವಮೊಗ್ಗದಲ್ಲಿ ನನ್ನೊಡನೆ ಓದಿದ ಗೆಳೆಯ ಝೇವಿಯರ್‌ನ ಹೆಸರಿಗೂ ಇದೇ ಅರ್ಥವಿದೆಯೆಂದು ತಿಳಿದದ್ದು ತೀರ ಈಚೆಗೆ.

ಸ್ಪೇನಿನ ಉತ್ತರದ ಬಾಸ್ಕ್ ನುಡಿಯಲ್ಲಿ ‘ಎಚೆ’ ಎಂದರೆ ಮನೆ, ‘ಬೆರ್ರಿ’ ಎಂದರೆ ಹೊಸತು. ನಾವು ವಿಶೇಷಣವನ್ನು ಮುಂದಿಟ್ಟರೆ ಅವರು ಹಿಂದಿಡುತ್ತಾರೆ, ಅಷ್ಟೇ ವ್ಯತ್ಯಾಸ. ಈ ಎರಡು ಪದಗಳು ಕೂಡಿ ಹುಟ್ಟಿದ ಮನೆತನದ ಹೆಸರು ಸ್ಪ್ಯಾನಿಷ್ ಬರವಣಿಗೆಯಲ್ಲಿ ಎಚೆವೆರ್ರಿಯಾ, ಎಚೆವಾರ್ರಿಯಾ, ಚಾವರ್ರಿ ಎಂದು ಹಲವು ರೂಪಗಳನ್ನು ತಳೆಯಿತು. ಉತ್ತರ ಸ್ಪೇನಿನ ನವಾರ್ರಾ ಸೀಮೆಯಲ್ಲಿ ಮೊದಲ ಸ್ವರ ಉದುರಿ, ಉಳಿದದ್ದು ಲ್ಯಾಟಿನ್ ಮೂಲದ ರೋಮಾನ್ಸ್ ನುಡಿಯ ಬಾಯಲ್ಲಿ ತಿರುಚಿಕೊಂಡು ‘ಶವಿಯೆರ್’ ಆಯಿತು. ಹಳೆಯ ಸ್ಪ್ಯಾನಿಷ್‌ನ ಆ ‘ಶ’ಕಾರ ಮುಂದೆ ಗಂಟಲಿನ ‘ಹ’ಕಾರವಾಗಿ, ಈಗ ಅಲ್ಲಿನವರು ‘ಹವಿಯೆರ್’ ಎನ್ನುತ್ತಾರೆ; ನಾವು ಝೇವಿಯರ್ ಎನ್ನುವುದೂ ಇದನ್ನೇ.

ಅದು ಒಂದು ಕೋಟೆಮನೆಯ ಹೆಸರೂ ಹೌದು. 1506ರಲ್ಲಿ ಅಲ್ಲಿ ಹುಟ್ಟಿ, 1542ರಲ್ಲಿ ಗೋವೆಗೆ ಬಂದಿಳಿದ ಸಂತ ಫ್ರಾನ್ಸಿಸ್ ಝೇವಿಯರ್‌ರ ತಂದೆ ಹುವಾನ್ ದೆ ಹಾಸೊ, ತಾಯಿ ಮರಿಯಾ ದೆ ಅಸ್ಪಿಲಿಕ್ವೆತಾ. ಇಂದಿನ ಸ್ಪೇನಿನ ರೂಢಿಯಂತೆ ತಂದೆಯದೊಂದು, ತಾಯಿಯದೊಂದು ಎಂದು ಎರಡು ಮನೆತನದ ಹೆಸರು ಹಿಡಿದರೆ ಅವರು ಹಾಸೊ ಅಸ್ಪಿಲಿಕ್ವೆತಾ ಆಗಬೇಕಿತ್ತು. ಲೋಕ ನೆನಪಿಟ್ಟದ್ದು ತಾಯಿಯ ಪಾಲಿಗೆ ಬಂದ ಆ ಮನೆಯನ್ನು. ಸಂತರ ಕೀರ್ತಿಯಿಂದ ಮನೆಯ ಹೆಸರು ಮಕ್ಕಳಿಗಿಡುವ ಹೆಸರಾಗಿ, ಸಮುದ್ರ ದಾಟಿ, ಘಟ್ಟ ಹತ್ತಿ ನನ್ನ ಗೆಳೆಯನವರೆಗೂ ಬಂದಿದೆ.

ಸ್ಪ್ಯಾನಿಷ್ ಹೆಸರುಗಳೆಲ್ಲವೂ ಹೀಗಲ್ಲ. ರೊದ್ರಿಗೊನ ಮಗ ರೊದ್ರಿಗೆಸ್, ಫೆರ್ನಾಂದೊನ ಮಗ ಫೆರ್ನಾಂದೆಸ್ ಎಂಬಂತೆ ತಂದೆಯ ಹೆಸರಿಗೆ ಬಾಲ ಸೇರಿಸಿದವೇ ಹೆಚ್ಚು ಪ್ರಸಿದ್ಧ. ಬಾಸ್ಕ್ ಸೀಮೆಯ ರೀತಿಯೇ ನನಗೆ ಹೆಚ್ಚು ಆಪ್ತವೆನಿಸುವುದು, ಏಕೆಂದರೆ ಅಲ್ಲಿ ಹೆಸರು ಮನುಷ್ಯನಿಗಿಂತ ಮೊದಲು ಮನೆಗೆ ಸೇರಿದ್ದು. ಮನೆ, ಹೊಲ, ಕಾಡಿನ ಹಕ್ಕು ಇವನ್ನು ಒಡೆಯದೆ ಒಬ್ಬ ಮಗನಿಗೋ ಮಗಳಿಗೋ ಒಪ್ಪಿಸುತ್ತಿದ್ದರು; ಮದುವೆಯಾಗಿ ಬಂದ ಮನೆಅಳಿಯನನ್ನೂ ಊರು ಆ ಮನೆಯ ಹೆಸರಿನಿಂದಲೇ ಗುರುತಿಸುತ್ತಿತ್ತು. ಗೊಯ್ಕೊಎಚೆಯಾ ಎಂಬುದನ್ನು ಕನ್ನಡಕ್ಕೆ ತಂದರೆ ನಮ್ಮ ಮೇಲಿನಮನೆಯೇ. ಗುಡ್ಡದ ಇಳಿಜಾರಿನಲ್ಲಿ ಚದುರಿದ ಒಂಟಿಮನೆಗಳ ಊರಿನಲ್ಲಿ ಮನೆ ಎಲ್ಲಿದೆ ಎನ್ನುವುದಕ್ಕಿಂತ ಉಪಯುಕ್ತವಾದ ಗುರುತು ಇನ್ನೊಂದಿರಲಾರದು, ನಮ್ಮ ಅಂಚೆಯಣ್ಣನನ್ನು ಕೇಳಿದರೂ ಇದನ್ನೇ ಹೇಳುತ್ತಾನೆ. 1870ರ ನಾಗರಿಕ ನೋಂದಣಿ ಕಾನೂನಿನ ನಂತರ ಸ್ಪೇನಿನಲ್ಲಿ ಎರಡು ಹೆಸರುಗಳ ಪದ್ಧತಿ ಕಡತದಲ್ಲಿ ಗಟ್ಟಿಯಾಗಿ, ಮನೆ ಬಿಟ್ಟು ಹೋದವರ ಬೆನ್ನಿಗೂ ಮನೆಯ ಹೆಸರು ಅಂಟಿಕೊಂಡಿತು.

ಇದನ್ನೆಲ್ಲ ಝೇವಿಯರ್‌ಗೆ ಫೋನಿನಲ್ಲಿ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, “ಹಾಗಾದರೆ ನಾನೂ ಹೊಸಮನೆಯವನೇ ಆದೆನಲ್ಲ ಮಾರಾಯ, ಅಡಿಕೆ ಕೊಯ್ಲು ಮುಗಿದ ಮೇಲೆ ಹಿಸ್ಸೆ ಕೇಳಲು ಬರುತ್ತೇನೆ” ಎಂದ.