ಹದಿನಾಲ್ಕನೇ ಪುಟದ ಪೆನ್ಸಿಲ್ ಗೆರೆ

ಹದಿನಾಲ್ಕನೇ ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಬರೆದಿದ್ದರು: ‘ಡಾಕ್ಟರೇ ಕೊಂದಿದ್ದು.’

ಆ ಪುಟದಲ್ಲಿ ಇನ್ನೂ ಕೊಲೆಯೇ ಆಗಿರಲಿಲ್ಲ. ಡಾಕ್ಟರು ಈಗಷ್ಟೇ ಬಂದು ಕೂತು, ಟೀಗೆ ಸಕ್ಕರೆ ಬೇಡ ಅಂತ ಹೇಳುತ್ತಿದ್ದ. ನನಗೆ ಅವನ ಮೇಲೆ ಒಳ್ಳೆಯ ಅಭಿಪ್ರಾಯವೇ ಬಂದಿತ್ತು. ಆ ಒಂದು ಗೆರೆಯಿಂದ ಮುನ್ನೂರು ಪುಟದ ಕಾದಂಬರಿ ಕೈಯಲ್ಲೇ ಸತ್ತುಹೋಯಿತು.

ಅದು ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಪತ್ತೇದಾರಿ ಕಾದಂಬರಿ. ತುಮಕೂರು ಚಿಕ್ಕಪೇಟೆಯ ಒಂದು ಸಣ್ಣ ಬಾಡಿಗೆ ಲೈಬ್ರರಿಯಿಂದ ತಂದಿದ್ದೆ. ಹೆಸರು ಹೇಳೋದಿಲ್ಲ. ಹೇಳಿದರೆ ಈ ಬರಹ ಮುಗಿಯೋದರೊಳಗೆ ನಾನೂ ಆ ಪೆನ್ಸಿಲ್ ಗಿರಾಕಿಯ ಸಾಲಿಗೆ ಸೇರುತ್ತೇನೆ.

ಕಥಾನಾಯಕ ಒಬ್ಬ ನಿವೃತ್ತ ಮೇಷ್ಟ್ರು. ಹೆಣ ಕಂಡರೆ ತಲೆ ಸುತ್ತುತ್ತದೆ. ಪೊಲೀಸರು ಬಂದರೆ ಹಿತ್ತಿಲ ಬಾಗಿಲಿನಿಂದ ಓಡುತ್ತಾನೆ. ಚಿಕ್ಕಂದಿನಲ್ಲಿ ನಾವು ಓದಿದ್ದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು. ಅಲ್ಲಿ ಪತ್ತೇದಾರ ಅಂದರೆ ಪತ್ತೇದಾರ, ಅದೇ ಅವನ ಕಸುಬು. ಕಸುಬಲ್ಲದಿದ್ದರೂ ಪತ್ತೆ ಮಾಡುವವರು ಇನ್ನೊಂದು ಜಾತಿ. 1930ರಲ್ಲಿ ಅಗಾಥಾ ಕ್ರಿಸ್ಟಿ ಕಾದಂಬರಿಗೆ ತಂದ ಮಿಸ್ ಮಾರ್ಪಲ್ ಉಲ್ಲನ್ ಹೆಣೆಯುತ್ತಾ ಕೂತಲ್ಲೇ ಕೊಲೆಗಾರನನ್ನು ಹಿಡಿಯುತ್ತಾಳೆ. ಆದರೆ ಆ ಅಜ್ಜಿಗೆ ಊರ ಸುದ್ದಿಯ ಚಪಲವಾದರೂ ಇತ್ತು. ಈ ಮೇಷ್ಟ್ರಿಗೆ ಅದೂ ಇಲ್ಲ. ನನ್ನನ್ನು ಬಿಟ್ಟುಬಿಡಿ ಅಂತ ಗೋಗರೆಯುತ್ತಲೇ ಎಲ್ಲವನ್ನೂ ಕಂಡುಹಿಡಿಯುತ್ತಾನೆ. ಬೇಡ ಅನ್ನುವವನಿಗೇ ಜಾಸ್ತಿ ಕಾಣುತ್ತದೆ ಅನ್ನೋದು ಪುಸ್ತಕದ ತಮಾಷೆ.

ಅದನ್ನು ಓದುತ್ತಿದ್ದಾಗ ನನಗೆ ಪದೇ ಪದೇ ನೆನಪಾಗುತ್ತಿದ್ದದ್ದು ನಮ್ಮ ದೊಡ್ಡಪ್ಪ. ಮೂವತ್ತೆಂಟು ವರ್ಷ ಅಂಚೆ ಇಲಾಖೆಯಲ್ಲಿ ಕಾಗದ ವಿಂಗಡಿಸಿದವರು. ಎಂಥಾ ಕೋಳಿಕಾಲು ಅಕ್ಷರವೂ ಅವರಿಗೆ ನೀರು ಕುಡಿದಷ್ಟು ಸುಲಭ. ‘ಕೆರೆ ಏರಿ ಹತ್ತಿರ, ಕೆಂಪು ಬಾಗಿಲು, ತುಮಕೂರು’ ಅಂತಷ್ಟೇ ಬರೆದಿದ್ದ ಕಾಗದವನ್ನೂ ಮುಟ್ಟಿಸಿದ್ದಾರಂತೆ. ಪಿನ್ ಕೋಡ್ ಅಂದರೆ ಭಕ್ತಿ. ಅದು ಶುರುವಾಗಿದ್ದು 1972ರ ಆಗಸ್ಟ್ 15ಕ್ಕೆ ಅಂತ ಪ್ರತಿ ಸ್ವಾತಂತ್ರ್ಯ ದಿನ ಬಾವುಟಕ್ಕಿಂತ ಮೊದಲು ಅದನ್ನೇ ಹೇಳುತ್ತಾರೆ. ಮನೆಗೆ ಬಂದ ಮದುವೆ ಕಾಗದಗಳನ್ನು ತಾರೀಖಿನ ಪ್ರಕಾರ ಇಡೋದಿಲ್ಲ, ಪಿನ್ ಕೋಡ್ ಪ್ರಕಾರ ಇಡುತ್ತಾರೆ. ಅದರಿಂದ ಎರಡು ಮದುವೆ ತಪ್ಪಿಹೋಗಿವೆ.

ಆ ಭಾನುವಾರ ಬಟವಾಡಿಯಲ್ಲಿ ಬಸ್ ಹತ್ತಿ ನೇರ ಅವರ ಮನೆಗೆ ಹೋದೆ. ಜೂನ್ ತಿಂಗಳು. ಬಾಗಿಲಿಗೆ ಬರುವಾಗಲೇ ಹಲಸಿನ ವಾಸನೆ ಗಮ್ಮೆನ್ನುತ್ತಿತ್ತು. ಗುಬ್ಬಿ ತಾಲೂಕು ಚೇಳೂರಿನ ಕಡೆಯಿಂದ ಯಾರೋ ಕೆಂಪು ತೊಳೆಯ ಹಣ್ಣು ತಂದುಕೊಟ್ಟಿದ್ದರು. ದೊಡ್ಡಮ್ಮ ಒಳಗೆ ಅದರ ಜೊತೆ ಹೊಡೆದಾಡುತ್ತಿದ್ದರು. ದೊಡ್ಡಪ್ಪ ಜಗಲಿಯಲ್ಲಿ, ಮೋಡ ಇಲ್ಲದಿದ್ದರೂ ಛತ್ರಿ ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು.

“ದೊಡ್ಡಪ್ಪ, ಇದನ್ನ ಸ್ವಲ್ಪ ನೋಡಿ. ಯಾರು ಬರೆದಿರಬಹುದು?”

ಪುಸ್ತಕದ ಕಡೆ ನೋಡಲೇ ಇಲ್ಲ.

“ಇನ್ನೊಬ್ಬರು ಬರೆದದ್ದನ್ನ ಓದೋ ಚಾಳಿ ನನಗಿಲ್ಲ ಕಣಯ್ಯ. ಪೋಸ್ಟ್‌ಕಾರ್ಡು ಸಹ ಓದ್ತಿರಲಿಲ್ಲ. ವಿಳಾಸ ಓದೋದು ನಮ್ಮ ಕೆಲಸ. ಒಳಗೇನಿದೆ ಅನ್ನೋದು ನಮಗೆ ಸಂಬಂಧ ಇಲ್ಲ.”

“ಇದು ಕಾಗದ ಅಲ್ಲವಲ್ಲ, ಪುಸ್ತಕ.”

“ಬರೆದೋರು ಯಾರೋ, ಬರೆದದ್ದು ಯಾರಿಗೋ. ನನಗೆ ಬರೆದದ್ದಂತೂ ಅಲ್ಲ.”

ನಾನು ಬಿಡಲಿಲ್ಲ. ಹೊಗಳಿದೆ. ಅದು ನಡೆಯಲಿಲ್ಲ. ಕೊನೆಗೆ, “ಹೋಗಲಿ ಬಿಡಿ, ಈಗ ನಿಮ್ಮ ಕಣ್ಣಿಗೂ ಕಷ್ಟ ಅಲ್ವಾ” ಅಂದೆ. ಅದು ನಾಟಿತು. ಕನ್ನಡಕ ಹುಡುಕಿದರು. ಅದು ಹಣೆಯ ಮೇಲೇ ಇತ್ತು.

ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದರು. “ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಮೆಂಡರ್‌ನಲ್ಲಿ ಚೂಪು ಮಾಡಿದ ಪೆನ್ಸಿಲ್ ಅಲ್ಲ ಇದು, ಚಾಕುವಿನಲ್ಲಿ ಹೆರೆದದ್ದು. ಮೇಜಿನ ಮೇಲಿಟ್ಟು ಬರೆದಿಲ್ಲ, ತೊಡೆ ಮೇಲಿಟ್ಟು ಬರೆದಿದ್ದಾರೆ. ಅದಕ್ಕೇ ಸಾಲು ಇಳಿದಿದೆ. ಇಲ್ಲಿ ಹೆಬ್ಬೆರಳಿನ ಎಣ್ಣೆ ಕಲೆ. ಎಣ್ಣೆಯ ಪಕ್ಕದಲ್ಲೇ ಅಂಟು. ಎಣ್ಣೆ ಸವರಿಕೊಂಡ ಕೈಗೆ ಅಂಟು ಹತ್ತೋದು ಅಂದ್ರೆ...”

ಅಲ್ಲಿಗೆ ನಿಂತುಬಿಟ್ಟರು. ಪುಸ್ತಕವನ್ನು ಕಣ್ಣಿನ ಹತ್ತಿರ ತಂದರು. ಆಮೇಲೆ ದೂರ ಹಿಡಿದರು. ಆಮೇಲೆ ಪಟ್ ಅಂತ ಮುಚ್ಚಿದರು.

“ಶಿರಾ ಕಡೆಯೋರು ಯಾರೋ. ಸಿಗಲ್ಲ ಬಿಡು. ಕಾಫಿ ಕುಡಿದು ಹೋಗು.”

ಶಿರಾ ಎಲ್ಲಿಂದ ಬಂತು? ಅಕ್ಷರದಲ್ಲಿ ಊರು ಕಾಣುತ್ತದಾ? ಕೇಳಿದರೆ ಛತ್ರಿ ಬಿಚ್ಚಿ ಒಂದೊಂದೇ ಕಡ್ಡಿ ಪರೀಕ್ಷೆ ಮಾಡತೊಡಗಿದರು. ಆ ಮೇಷ್ಟ್ರು ಹಿತ್ತಿಲ ಬಾಗಿಲಿಗೆ ಓಡುವ ಹಾಗೆ ನಮ್ಮ ದೊಡ್ಡಪ್ಪ ಛತ್ರಿಯೊಳಗೆ ಓಡಿದ್ದರು.

ಕಾಫಿಗೆ ಒಳಗೆ ಹೋದೆ. ದೊಡ್ಡಮ್ಮ ನೆಲದ ಮೇಲೆ ಹಳೇ ಪೇಪರ್ ಹಾಸಿಕೊಂಡು, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ತೊಳೆ ಬಿಡಿಸುತ್ತಿದ್ದರು. “ಬಾರೋ, ಬಾಯಿ ತೆಗಿ” ಅಂತ ಒಂದು ತೊಳೆ ನನ್ನ ಬಾಯಿಗೇ ಇಟ್ಟರು. ಅದನ್ನು ಅಗಿಯುತ್ತಾ ಗೋಡೆ ನೋಡಿದೆ. ಮೊಳೆಗೆ ಸಿಕ್ಕಿಸಿದ ದಿನಸಿ ಚೀಟಿ. ಪಕ್ಕದಲ್ಲಿ ದಾರದಲ್ಲಿ ನೇತಾಡುವ ಗಿಡ್ಡ ಪೆನ್ಸಿಲ್. ಅದರ ಮೊನೆಯನ್ನು ಈಳಿಗೆಮಣೆಗೆ ಒತ್ತಿ ಹೆರೆದದ್ದು ಕುರುಡನಿಗೂ ಗೊತ್ತಾಗುವಂತಿತ್ತು.

ತೊಗರಿಬೇಳೆ 2 ಕೆಜಿ. ಜೀರಿಗೆ 100 ಗ್ರಾಂ. ಬೇಳೆಯ ದೀರ್ಘ ಹಾವಿನ ಹೆಡೆ ಎತ್ತಿದ ಹಾಗೆ ಮೇಲೆದ್ದು, ಬಾಲ ಕೆಳಗಿನ ಸಾಲಿಗೆ ಇಳಿದಿತ್ತು. ಜೀರಿಗೆಯ ದೀರ್ಘವೂ ಹಾಗೇ. ಪುಸ್ತಕ ತೆಗೆದೆ. ‘ಡಾಕ್ಟರೇ’. ಅದೇ ಹೆಡೆ, ಅದೇ ಬಾಲ.

ತೊಳೆ ಗಂಟಲಲ್ಲಿ ಸಿಕ್ಕಿಕೊಂಡಿತು.

“ದೊಡ್ಡಮ್ಮ, ನೀನಾ?”

ಅವರು ಪುಸ್ತಕ ನೋಡಿದರು, ನನ್ನನ್ನು ನೋಡಿದರು. ಒಂದು ಚೂರೂ ನಾಚಿಕೆ ಇಲ್ಲ. “ಓ, ನಿನ್ನ ಕೈಗೆ ಬಂತಾ ಅದು?” ಅಂದರು.

ದೊಡ್ಡಮ್ಮ ಪಂಚಾಂಗ ಬಿಟ್ಟು ಬೇರೇನೂ ಓದೋದಿಲ್ಲ ಅಂತ ನಾನು ತಿಳಿದಿದ್ದೆ. ಎಷ್ಟೋ ವರ್ಷದಿಂದ ತರಕಾರಿ ಚೀಲದಲ್ಲಿ, ಸೊಪ್ಪಿನ ಕೆಳಗೆ, ಆ ಲೈಬ್ರರಿಯ ಪತ್ತೇದಾರಿ ಪುಸ್ತಕಗಳು ಈ ಮನೆಗೆ ಬರುತ್ತಿದ್ದವಂತೆ. ಕದ್ದುಮುಚ್ಚಿ ಏನಲ್ಲ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ, ಅಷ್ಟೆ.

“ಓದಿ ಮುಗಿಸಿದ ಮೇಲೆ ಹೊಟ್ಟೆ ಉಬ್ಬರಿಸುತ್ತೆ ಕಣೋ. ಯಾರ ಹತ್ರ ಹೇಳಲಿ? ನಿಮ್ಮ ದೊಡ್ಡಪ್ಪನ ಹತ್ರ ಹೇಳೋಕೆ ಹೋದ್ರೆ, ಅದು ನಮಗೆ ಬಂದ ಕಾಗದ ಅಲ್ಲ ಅಂತಾರೆ. ಅದಕ್ಕೇ ಪುಸ್ತಕಕ್ಕೇ ಹೇಳಿಬಿಡ್ತೀನಿ.”

“ಆದ್ರೆ ನನ್ನ ಮಜಾ ಎಲ್ಲಾ ಹೋಯ್ತಲ್ಲ!”

“ಎಲ್ಲಿ ಹೋಯ್ತು? ಪೂರ್ತಿ ಓದಿದ್ಯಾ? ಡಾಕ್ಟರು ಅಲ್ಲ ಕಣೋ ಪೆದ್ದ. ನಿಜ ಬರೆಯೋಕೆ ನನಗೇನು ಬುದ್ಧಿ ಇಲ್ವಾ? ಎಲ್ಲದರಲ್ಲೂ ತಪ್ಪೇ ಬರೆಯೋದು.”

1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನುವ ಪಾದ್ರಿಯೊಬ್ಬರು ಪತ್ತೇದಾರಿ ಕಥೆಗಳಿಗೆ ಹತ್ತು ನಿಯಮ ಮಾಡಿದರು. ಪತ್ತೇದಾರನೇ ಅಪರಾಧಿ ಆಗಿರಬಾರದು ಅನ್ನೋದು ಅದರಲ್ಲಿ ಒಂದು. ಪತ್ತೇದಾರನ ಹೆಂಡತಿಯ ಬಗ್ಗೆ ಆ ಮಹಾನುಭಾವರು ಚಕಾರ ಎತ್ತಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಅಲ್ಲೇ ಚಾಪೆ ಮೇಲೆ ಮಲಗಿ ಉಳಿದದ್ದನ್ನು ಓದಿದೆ. ಡಾಕ್ಟರು ಪಾಪ ನಿಜವಾಗಲೂ ಸಭ್ಯ ಮನುಷ್ಯ. ಆದರೆ ಅವನು ಔಷಧದ ಪೆಟ್ಟಿಗೆ ತೆರೆದಾಗಲೆಲ್ಲ ನನಗೆ ಎದೆ ಢವಢವ. ಅವನಲ್ಲ ಅಂತ ಗೊತ್ತಿದ್ದೂ! ಇದನ್ನು ದೊಡ್ಡಮ್ಮನಿಗೆ ಹೇಳಿದೆ. ತುಂಬಾ ಖುಷಿಪಟ್ಟರು. ಇಬ್ಬರೂ ಸೇರಿ ಕೊಲೆಗಾರನ ಬಗ್ಗೆ ಒಂದು ಗಂಟೆ ಮಾತಾಡಿದೆವು. ಅವರು ನೂರಾ ಐವತ್ತನೇ ಪುಟದಲ್ಲೇ ಹಿಡಿದಿದ್ದರಂತೆ. ನಾನು ಕೊನೆಯ ಪುಟದವರೆಗೂ ಹಿಡಿದಿರಲಿಲ್ಲ.

ಸಂಜೆ ಹೊರಟೆ. ದೊಡ್ಡಪ್ಪ ಇನ್ನೂ ಜಗಲಿಯಲ್ಲೇ ಇದ್ದರು.

“ಅಕ್ಷರ ನೋಡಿದ ತಕ್ಷಣ ಗೊತ್ತಾಯ್ತು ಅಲ್ವಾ ನಿಮಗೆ?”

“ನಲವತ್ತೈದು ವರ್ಷದಿಂದ ಆ ಬೇಳೆ ಚೀಟಿ ಹಿಡ್ಕೊಂಡು ಅಂಗಡಿಗೆ ಹೋಗ್ತಿದೀನಿ” ಅಂದರು. ಅಷ್ಟೇ.

ನಾನು ಚಪ್ಪಲಿ ಮೆಟ್ಟಿದೆ. ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಕೆಮ್ಮಿದ ಸದ್ದು. ತಿರುಗಿದೆ. ದೊಡ್ಡಪ್ಪ ಒಮ್ಮೆ ಒಳಬಾಗಿಲ ಕಡೆ ನೋಡಿ, ಛತ್ರಿ ಊರಿಕೊಂಡು ಮೆಲ್ಲಗೆ ಗೇಟಿನವರೆಗೂ ಬಂದರು.

“ಅಲ್ಲಯ್ಯ,” ದನಿ ತಗ್ಗಿಸಿ ಕೇಳಿದರು, “ಕೊನೆಗೆ ಯಾರಂತೆ ಕೊಂದಿದ್ದು?”

ನಾನು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ಕೂಗು ಬಂತು.

“ಡಾಕ್ಟರೇ ಕಣ್ರೀ!”