ಪೇಷಂಟ್ ಮುಖ ನೋಡದ ಡಾಕ್ಟ್ರು

ಪೆಥಾಲಜಿ (ದೇಹದ ತುಣುಕು, ರಕ್ತ ಪರೀಕ್ಷಿಸಿ ರೋಗ ಗುರುತಿಸೋ ವಿಭಾಗ) ಎಂಡಿ ಅಂದ್ರೆ ಸಾಕು, ಮದ್ವೆ ಮನೇಲಿ ಯಾರಾದ್ರೂ ಅತ್ತೆ "ಹಂಗಾದ್ರೆ ಬ್ಲಡ್ ಟೆಸ್ಟ್ ಮಾಡೋದಾ ಪುಟ್ಟಿ?" ಅಂತ ಕೇಳೇ ಕೇಳ್ತಾರೆ. ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್ ಐದೂವರೆ ವರ್ಷ, ಆಮೇಲೆ ನೀಟ್ ಪಿಜಿ ಬರೆದು ಮತ್ತೆ 3 ವರ್ಷ, ಇಷ್ಟು ಓದಿ ರಕ್ತ ತೆಗೆಯೋ ಕೆಲ್ಸಾನಾ ಅಂತ ಪಾಪ ಅವ್ರಿಗೇ ಬೇಜಾರು. ಗಡ್ಡೆ ಕ್ಯಾನ್ಸರ್ ಹೌದೋ ಅಲ್ವೋ ಅಂತ ಬರೆದು ಸಹಿ ಹಾಕೋದು ನಾವು ಅಂದ್ರೆ ನಂಬೋದೇ ಇಲ್ಲ.

ಎಂಡಿಗೆ ಬರೋರೂ ಅಷ್ಟೇ, ಮೈಕ್ರೋಸ್ಕೋಪ್ ಮುಂದೆ ಎಸಿಯಲ್ಲಿ ಕೂತ್ಕೊಳೋದು ಅಂದ್ಕೊಂಡು ಬರ್ತಾರೆ. ನನ್ನ ಕೇಳಿದ್ರೆ ವಿದ್ಯೆ ಇರೋದು ಗ್ರಾಸಿಂಗ್ ಟೇಬಲ್ ಹತ್ರ, ಅಂದ್ರೆ ಕತ್ತರಿಸಿ ತೆಗೆದ ಅಂಗಾನ ಬರಿಗಣ್ಣಲ್ಲಿ ನೋಡಿ ಕೊಯ್ಯೋ ಜಾಗದಲ್ಲಿ. ಆಪರೇಷನ್ ಥಿಯೇಟರ್‌ನಿಂದ ಫಾರ್ಮಲಿನ್ (ಅಂಗ ಕೊಳೆಯದ ಹಾಗೆ ಕಾಪಾಡೋ ದ್ರವ) ಡಬ್ಬದಲ್ಲಿ ಬಂದ ಸ್ತನಾನ ಅಳೆದು, ಅಂಚಿಗೆಲ್ಲ ಇಂಕ್ ಹಚ್ಚಿ, ಬ್ರೆಡ್ ಥರ ಸ್ಲೈಸ್ ಮಾಡಿ, ಗಡ್ಡೆ ಅಂಚಿನಿಂದ ಎಷ್ಟು ದೂರ ಇದೆ ನೋಡಿ, ಆಮೇಲೆ ಕಂಕುಳಿನ ಕೊಬ್ಬನ್ನ ಬೆರಳಲ್ಲಿ ಒತ್ತಿ ಒತ್ತಿ ಲಿಂಫ್ ನೋಡ್ (ಕ್ಯಾನ್ಸರ್ ಹರಡಬಹುದಾದ ಪುಟ್ಟ ಗ್ರಂಥಿ) ಹುಡುಕ್ಬೇಕು, ಕೆಲವು ಬೇಳೆ ಕಾಳಿಗಿಂತ ಚಿಕ್ಕವು, ಫಾರ್ಮಲಿನ್‌ಗೆ ಕಣ್ಣು ಮೂಗು ಎಲ್ಲಾ ಉರೀತಿರುತ್ತೆ. ಇಲ್ಲಿ ಕೈಗೆ ಸಿಗದ ನೋಡ್ ಎಷ್ಟು ಒಳ್ಳೆ ಮೈಕ್ರೋಸ್ಕೋಪ್ ಇದ್ರೂ ಕಾಣ್ಸಲ್ಲ, ಕ್ಯಾನ್ಸರ್ ಎಷ್ಟು ಹರಡಿದೆ ಅನ್ನೋ ಸ್ಟೇಜೇ ತಪ್ಪಾಗ್ಬಹುದು. ಆಮೇಲೆ ಆ ತುಣುಕುಗಳು ರಾತ್ರಿಯಿಡೀ ಟಿಶ್ಯೂ ಪ್ರೊಸೆಸರ್ ಅನ್ನೋ ಯಂತ್ರದಲ್ಲಿ, ಬೆಳಗ್ಗೆ ಅವನ್ನ ಮೇಣದಲ್ಲಿ ಹೂತಿಟ್ಟ ಬ್ಲಾಕ್, ಅದನ್ನ 3-4 ಮೈಕ್ರಾನ್ ತೆಳ್ಳಗೆ ಕತ್ತರಿಸೋದು ಟೆಕ್ನಿಷಿಯನ್‌ಗಳ ಕೈಚಳಕ, ಅವ್ರ ಹೆಸ್ರು ರಿಪೋರ್ಟಲ್ಲಿ ಬರೋದೇ ಇಲ್ಲ.

ಒಂದು ಗೋಳು ಹೇಳ್ಲೇಬೇಕು. ಗೇಣುದ್ದದ ಗಡ್ಡೇನ ಕಿರಿ ಬಾಯಿ ಬಾಟ್ಲಿಗೆ ತುರುಕಿ ಮೇಲೆ ನಾಲ್ಕು ಹನಿ ಫಾರ್ಮಲಿನ್ ಹಾಕಿ ಕಳಿಸ್ತಾರೆ! ಕಮ್ಮಿ ಅಂದ್ರೂ ಗಡ್ಡೆಯ ಹತ್ತರಷ್ಟು ಫಾರ್ಮಲಿನ್ ಬೇಕು ಕಣ್ರೀ, ಇಲ್ಲಾಂದ್ರೆ ಒಳಗಡೆ ಕೊಳೆಯುತ್ತೆ, ಇಆರ್ ಪಿಆರ್ ಟೆಸ್ಟ್ (ಸ್ತನ ಕ್ಯಾನ್ಸರ್‌ನಲ್ಲಿ ಹಾರ್ಮೋನ್ ರಿಸೆಪ್ಟರ್ ನೋಡೋದು) ನಂಬೋ ಹಾಗಿರಲ್ಲ. ಜೊತೆಗೆ ಕಳಿಸೋ ಅರ್ಜಿ ಫಾರಂನಲ್ಲಿ ಪೇಷಂಟ್ ವಯಸ್ಸಿಲ್ಲ, ಎಕ್ಸ್‌ರೇಲಿ ಏನಿತ್ತು ಅಂತಿಲ್ಲ. ಮೂಳೆ ಗಡ್ಡೆ ಆದ್ರೆ ಎಕ್ಸ್‌ರೇ ನೋಡದೆ ಬಾಯಿ ಬಿಡೋ ಹಾಗೇ ಇಲ್ಲ.

ಫ್ರೋಜನ್ ಸೆಕ್ಷನ್ ಅಂದ್ರೆ, ಆಪರೇಷನ್ ನಡುವೆನೇ ತುಣುಕನ್ನ ಹೆಪ್ಪುಗಟ್ಟಿಸಿ ಕತ್ತರಿಸಿ ನೋಡೋದು, ಇನ್ನೊಂದ್ ಟೆನ್ಷನ್. ಪೇಷಂಟ್ ಟೇಬಲ್ ಮೇಲೆ, ಸರ್ಜನ್ ಕಾಯ್ತಿದಾರೆ, ಸುಮಾರು 20 ನಿಮಿಷದಲ್ಲಿ ಹೇಳ್ಬೇಕು. ಗೊತ್ತಾಗದಿದ್ರೆ "ಡಿಫರ್ಡ್, ಪ್ಯಾರಾಫಿನ್ ಬರ್ಲಿ" (ಈಗ ಹೇಳಲ್ಲ, ಮೇಣದ ಬ್ಲಾಕ್ ನೋಡಿ ಹೇಳ್ತೀನಿ) ಅನ್ನೋ ಧೈರ್ಯ ಬರೋಕೆ ವರ್ಷಗಳೇ ಬೇಕು.

ಎಂಡಿ ಆದ್ಮೇಲೆ ಹೆಮಟೋಪೆಥಾಲಜಿ (ರಕ್ತದ ಕಾಯಿಲೆ) ಡಿಎಂ ಅನ್ನೋ ಸೂಪರ್ ಸ್ಪೆಷಾಲಿಟಿ ಮಾಡ್ಬಹುದು, ಆಂಕೋಪೆಥಾಲಜಿ (ಕ್ಯಾನ್ಸರ್) ಫೆಲೋಶಿಪ್ ಮಾಡ್ಬಹುದು, ಕಾಲೇಜಲ್ಲಿ ಪಾಠ ಮಾಡ್ಬಹುದು. ಲ್ಯಾಬ್ ರಿಪೋರ್ಟ್‌ಗೆ ಪೆಥಾಲಜಿ ಪಿಜಿ ಮಾಡಿದ ಡಾಕ್ಟ್ರೇ ಸಹಿ ಹಾಕ್ಬೇಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳ್ತು, ಸರಿನೇ, ಆದ್ರೆ ದಿನಾ ನಾಲ್ಕು ಲ್ಯಾಬ್ ಸುತ್ತಿ ಬರೀ ಸಹಿ ಹಾಕೋದನ್ನ ಕೆರಿಯರ್ ಅನ್ನೋಕೆ ನಂಗಂತೂ ಮನಸ್ಸು ಬರಲ್ಲ.

ಅಂದಹಾಗೆ, ಮನೇಲಿ ಯಾರಿಗಾದ್ರೂ ಬಯಾಪ್ಸಿ ಆಗಿ ಸೆಕೆಂಡ್ ಒಪೀನಿಯನ್‌ಗೆ ಹೋಗ್ತಿದ್ರೆ ರಿಪೋರ್ಟ್ ಜೆರಾಕ್ಸ್ ಸಾಲ್ದು, ಸ್ಲೈಡೂ ಬ್ಲಾಕೂ ಕೇಳಿ ಇಸ್ಕೊಂಡು ಹೋಗಿ. ಬ್ಲಾಕ್ ಮಾತ್ರ ಬಿಸಿಲಲ್ಲಿ ನಿಲ್ಸಿದ ಕಾರಲ್ಲಿ ಬಿಡ್ಬೇಡಿ, ಮೇಣ ಕರಗಬಹುದು.