ಕಣ್ಣಿಗೆ ಕಾಣದ ಐವತ್ತು ಪಿಎಸ್‌ಐ

ವಿಮಾನದ ಒಂದೇ ಆಕ್ಸಲ್‌ನ (ಅಚ್ಚಿನ) ಎರಡು ಟೈರು. ಒಂದರಲ್ಲಿ ಒತ್ತಡ 200 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಪಕ್ಕದ್ದರಲ್ಲಿ 150. ವಿಮಾನದ ಕೆಳಗೆ ನಿಂತು ಎಷ್ಟು ದಿಟ್ಟಿಸಿದರೂ ಯಾವುದರಲ್ಲಿ ಎಷ್ಟಿದೆ ಎಂದು ಹೇಳಲಾಗದು. ಗಾಳಿ ಕಮ್ಮಿಯಾದ ಟೈರು ಕುಸಿಯಬೇಕಾದರೆ ಆಕ್ಸಲ್ ಕೆಳಗಿಳಿಯಬೇಕು. ಪಕ್ಕದ ಟೈರು ಅದನ್ನು ಇಳಿಯಲು ಬಿಡುವುದಿಲ್ಲ, ಜೋಡಿಯ ಪಾಲಿನ ಭಾರವನ್ನೂ ತಾನೇ ಹೊತ್ತು ನಿಂತಿರುತ್ತದೆ. ಕಾರಿನ ಟೈರನ್ನು ಕಾಲಲ್ಲಿ ಒದ್ದು ನೋಡುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಒತ್ತಡ ಅಳೆಯುವ ಗೇಜ್ ಹಚ್ಚಿ ನೋಡಿದ್ದೇ ನಿಜ.

ಭಾರದ ಲೆಕ್ಕ ಹಾಕಿದರೆ ಇದರ ಗಂಭೀರತೆ ತಿಳಿಯುತ್ತದೆ. ಸುಮಾರು 78 ಟನ್ ತೂಗುವ ಏರ್‌ಬಸ್ ಎ320ರ ಹೆಚ್ಚುಕಮ್ಮಿ ಪೂರ್ತಿ ಭಾರ ನಾಲ್ಕು ಮುಖ್ಯ ಟೈರುಗಳ ಮೇಲೆ ಬೀಳುತ್ತದೆ. ಒಂದಕ್ಕೆ 18 ಟನ್ ಆಸುಪಾಸು. ಟೇಕಾಫ್ ಓಟದಲ್ಲಿ ಇದೇ ಟೈರು ಗಂಟೆಗೆ ಇನ್ನೂರೈವತ್ತು ಕಿಲೋಮೀಟರ್ ದಾಟಿ ಉರುಳಬೇಕು. ಭಾರ ಬಿದ್ದಾಗ ರಿಮ್ಮಿನಿಂದ ನೆಲ ತಾಗುವ ಟ್ರೆಡ್‌ವರೆಗಿನ ಎತ್ತರದಲ್ಲಿ ಹತ್ತಿರಹತ್ತಿರ ಮೂರನೇ ಒಂದು ಭಾಗ ತಗ್ಗುವಂತೆಯೇ ಅದನ್ನು ಮಾಡಿರುತ್ತಾರೆ. ಕಾರಿನ ಟೈರು ಇಷ್ಟು ತಗ್ಗುವುದಿಲ್ಲ. ಅಂದರೆ ಗಾಳಿ ಸರಿಯಿದ್ದಾಗಲೂ ಇದು ಪ್ರತಿ ಸುತ್ತಿಗೆ ಜೋರಾಗಿಯೇ ಬಾಗುತ್ತದೆ, ಬಾಗಿದಷ್ಟೂ ಒಳಗೆ ಬಿಸಿ ಹುಟ್ಟುತ್ತದೆ. ಗಾಳಿ ಕಮ್ಮಿಯಾದರೆ ಅದೂ, ಅದರ ಭಾರ ಹೊತ್ತ ಜೋಡಿಯೂ ಬಾಗುವುದು ಇನ್ನೂ ಹೆಚ್ಚು. ರಬ್ಬರಿಗೆ ಬಿಸಿ ಬೇಗ ಹೊರಹಾಕಲು ಬಾರದು, ಹಾಗಾಗಿ ಅದು ಟ್ರೆಡ್ ಅಂಚಿನ ಭುಜದಲ್ಲೂ ರಿಮ್ಮಿಗೆ ಕೂರುವ ಅಂಚಿನ (ಬೀಡ್) ಪಕ್ಕದಲ್ಲೂ ಕೂಡಿಕೊಳ್ಳುತ್ತಾ ಹೋಗಿ, ಕೊನೆಗೆ ಒಳಗಿನ ನೈಲಾನ್ ಎಳೆಗಳು ಬಲ ಕಳೆದುಕೊಳ್ಳುತ್ತವೆ. ಹೊರಮೈ ಹೊಸದರಂತೆ ಹೊಳೆಯುತ್ತಿದ್ದರೂ ಒಳಗೆ ಪದರ ಬಿಟ್ಟಿರಬಹುದು.

1991ರ ಜುಲೈ 11ರಂದು ಜೆಡ್ಡಾದಲ್ಲಿ ಆದದ್ದು ಇದೇ. ನೈಜೀರಿಯಾ ಏರ್‌ವೇಸ್‌ಗಾಗಿ ಕೆನಡಾದ ನೇಷನ್‌ಏರ್ ಹಾರಿಸುತ್ತಿದ್ದ ಡಿಸಿ-8 ವಿಮಾನ, ಹಜ್ ಯಾತ್ರಿಕರನ್ನು ಹೊತ್ತು ಹೊರಟಿತ್ತು. ಟೈರಿನಲ್ಲಿ ಒತ್ತಡ ಕಮ್ಮಿಯಿರುವುದು ಹೊರಡುವ ಮೊದಲೇ ತಂತ್ರಜ್ಞರಿಗೆ ಗೊತ್ತಿತ್ತು. ತುಂಬಲು ನೈಟ್ರೋಜನ್ ಕೈಗೆ ಸಿಗಲಿಲ್ಲ, ವಿಮಾನ ತಡವಾಗಬಾರದೆಂದು ಹಾಗೆಯೇ ಬಿಟ್ಟರು. ಕಮ್ಮಿ ಗಾಳಿಯ ಟೈರು ತನ್ನ ಭಾರವನ್ನು ಜೋಡಿಗೆ ದಾಟಿಸಿತು, ಟೇಕಾಫ್ ಓಟದಲ್ಲಿ ಮೊದಲು ಒಡೆದದ್ದು ಆ ಜೋಡಿ. ಹೊತ್ತಿಕೊಂಡ ಚಕ್ರ ಹಾಗೆಯೇ ಹೊಟ್ಟೆಯೊಳಗೆ ಸೇರಿತು. 261 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಇನ್ನು ಗೇಜ್ ಹಿಡಿಯುವ ರೀತಿ. ಅಳತೆ ತಣ್ಣನೆಯ ಟೈರಿನಲ್ಲೇ ಆಗಬೇಕು. ವಿಮಾನ ಇಳಿದು ಕನಿಷ್ಠ ಎರಡು ಮೂರು ಗಂಟೆ ಕಳೆದಿರಬೇಕು. ಬಿಸಿ ಟೈರಿನಲ್ಲಿ ಹೆಚ್ಚು ತೋರಿಸಿತೆಂದು ಯಾರಾದರೂ ಗಾಳಿ ಬಿಟ್ಟರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ, ಬೆಳಗಾಗುವಷ್ಟರಲ್ಲಿ ಆ ಟೈರು ಕಮ್ಮಿಯ ಪಟ್ಟಿಗೆ ಬಂದಿರುತ್ತದೆ. ನಿಲುಗಡೆ ಸಮಯ ಕಮ್ಮಿಯಿದ್ದು ಬಿಸಿಯಲ್ಲೇ ನೋಡಬೇಕಾಗಿ ಬಂದರೆ ಅಂಕಿ ಮುಖ್ಯವಲ್ಲ, ಒಂದೇ ಆಕ್ಸಲ್‌ನ ಎರಡರ ನಡುವಿನ ಅಂತರ ಮುಖ್ಯ.

ಮ್ಯಾನುಯಲ್ ಪುಸ್ತಕ ಕೊಟ್ಟ ಒತ್ತಡದ ಅಂಕಿ ವಿಮಾನ ಜಾಕ್ ಮೇಲಿದ್ದಾಗಿನದೋ ಚಕ್ರದ ಮೇಲೆ ನಿಂತಾಗಿನದೋ ಎಂಬುದನ್ನೂ ನೋಡಿಕೊಳ್ಳಿ. ಭಾರ ಬಿದ್ದಾಗ ಒತ್ತಡ ಸುಮಾರು 4% ಏರುತ್ತದೆ. ತಾಪಮಾನದ ಲೆಕ್ಕ ಸುಲಭ: 3 ಡಿಗ್ರಿ ಸೆಲ್ಸಿಯಸ್‌ಗೆ 1%. 40 ಡಿಗ್ರಿಯ ಊರಲ್ಲಿ ಸರಿಯಾಗಿ ತುಂಬಿದ ಟೈರು 10 ಡಿಗ್ರಿಯ ಊರಲ್ಲಿ ರಾತ್ರಿ ಕಳೆದರೆ 10% ಕಮ್ಮಿ. ಸೋರಿಕೆ ಎಂದು ವಾಲ್ವ್ ಬದಲಿಸುತ್ತಾ ಕೂರುವ ಮುನ್ನ ಥರ್ಮಾಮೀಟರ್ ನೋಡಬೇಕು. ಇಂಥ ದೊಡ್ಡ ವ್ಯತ್ಯಾಸ ಮೊದಲೇ ಗೊತ್ತಿದ್ದರೆ ಚಳಿಯ ಊರಿಗೆ ಬೇಕಾದಷ್ಟನ್ನು ಹೊರಡುವ ಮೊದಲೇ ತುಂಬುವುದು ರೂಢಿ.

ಕಮ್ಮಿ ಬಂದರೆ ಏನು ಮಾಡಬೇಕೆಂಬುದಕ್ಕೆ ಆಯಾ ವಿಮಾನದ ಮೇಂಟೆನೆನ್ಸ್ ಮ್ಯಾನುಯಲ್ ಹೇಳಿದ್ದೇ ಕೊನೆಯ ಮಾತು. ಟೈರು ತಯಾರಕರ ಸಾಮಾನ್ಯ ಮೆಟ್ಟಿಲುಗಳು ಹೀಗಿವೆ. ಬೇಕಾದ ಒತ್ತಡದ 95% ಮೇಲಿದ್ದರೆ ತುಂಬಿಸಿ ಮುಂದೆ ಹೋಗಬಹುದು, ದಿನಕ್ಕೆ 5%ವರೆಗೆ ಇಳಿಯುವುದು ಸಹಜ. 90ರಿಂದ 95 ಇದ್ದರೆ ತುಂಬಿಸಿ, ಲಾಗ್‌ಬುಕ್ಕಿನಲ್ಲಿ ಬರೆದು, ಮಾರನೆಯ ದಿನ ಮತ್ತೆ ನೋಡಬೇಕು. 90ಕ್ಕಿಂತ ಕೆಳಗಾದರೆ ಟೈರು ಹೊರಗೆ. 80ಕ್ಕಿಂತ ಕೆಳಗಾದರೆ ಅದರ ಜೋಡಿಯೂ ಹೊರಗೆ. ಈ ಕೊನೆಯ ಮಾತಿಗೆ ಮುಖ ಸಿಂಡರಿಸುವವರುಂಟು: ಪಕ್ಕದ್ದು ಸರಿಯಾಗೇ ಇದೆಯಲ್ಲ, ಅದನ್ನೇಕೆ ಬಿಚ್ಚಬೇಕು? ಜೆಡ್ಡಾದಲ್ಲಿ ಮೊದಲು ಹೋದದ್ದು ಯಾವುದೆಂದು ನೆನೆದರೆ ಸಾಕು.

ಹೊಸದಾಗಿ ರಿಮ್ಮಿಗೆ ಕೂರಿಸಿದ ಟೈರಿನ ಕಥೆ ಬೇರೆ. ನೈಲಾನ್ ಎಳೆಗಳು ಹಿಗ್ಗಿ ಒಳಗಿನ ಜಾಗ ದೊಡ್ಡದಾಗುವುದರಿಂದ ಮೊದಲ 12 ಗಂಟೆಯಲ್ಲಿ ಒತ್ತಡ 5ರಿಂದ 10% ತಾನಾಗಿಯೇ ಇಳಿಯುತ್ತದೆ. ಈ ಇಳಿತ ಮುಗಿದ ಮೇಲೆ ಮತ್ತೆ ತುಂಬಿ, ಆಮೇಲಿನ ಒಂದು ದಿನ ಕಾದು ನೋಡಿದರಷ್ಟೇ ನಿಜವಾದ ಸೋರಿಕೆ ಇದೆಯೇ ಎಂದು ತಿಳಿಯುವುದು. ಆಗಲೂ ಇಳಿದರೆ ವಾಲ್ವ್, ಅತಿ ಬಿಸಿಗೆ ಕರಗಿ ಗಾಳಿ ಬಿಡುವ ಫ್ಯೂಸ್ ಪ್ಲಗ್, ಬೋಲ್ಟ್ ಹಾಕಿ ಒಂದು ಚಕ್ರವಾಗಿ ಬೆಸೆದ ಎರಡು ಅರ್ಧ ಚಕ್ರಗಳ ನಡುವಿನ ಓ-ರಿಂಗ್ (ಸೋರದಂತೆ ತಡೆಯುವ ಉಂಗುರ), ಹೀಗೆ ಒಂದೊಂದಕ್ಕೂ ಸೋರಿಕೆ ಹಿಡಿಯುವ ದ್ರವ ಹಚ್ಚಿ ಗುಳ್ಳೆ ಹುಡುಕಬೇಕು. ಟೈರಿನ ಪಕ್ಕದ ಗೋಡೆಯ (ಸೈಡ್‌ವಾಲ್) ಕೆಳಭಾಗದಲ್ಲಿ ಸಣ್ಣ ರಂಧ್ರಗಳಿರುತ್ತವೆ. ಪದರಗಳ ನಡುವೆ ಸಿಕ್ಕಿಕೊಂಡ ಅನಿಲ ಹೊರಹೋಗಲೆಂದು ಬೇಕೆಂದೇ ಮಾಡಿದವು. ಅಲ್ಲಿ ಗುಳ್ಳೆ ಕಂಡು ಗಾಬರಿಯಾಗುವುದು ಹೊಸಬರ ಲಕ್ಷಣ.

ನೈಟ್ರೋಜನ್ ಏಕೆ, ಬರೀ ಗಾಳಿ ಏಕಾಗದು? ತೇವವಿಲ್ಲ, ರಿಮ್ ಸವೆಯುವುದಿಲ್ಲ ಎಂಬ ಉತ್ತರ ಸುಳ್ಳಲ್ಲ, ಆದರೆ ಅಸಲಿ ಕಾರಣ ಅದಲ್ಲ. ಬ್ರೇಕ್ ಅತಿಯಾಗಿ ಕಾದಾಗ ಟೈರಿನ ಒಳಪದರದ ರಬ್ಬರ್ ಬೆಂದು ಉರಿಯಬಲ್ಲ ಅನಿಲ ಬಿಡುತ್ತದೆ. ಜತೆಗೆ ಆಕ್ಸಿಜನ್ ಇದ್ದರೆ ಟೈರೇ ಬಾಂಬು. 1986ರ ಮಾರ್ಚ್ 31ರಂದು ಮೆಕ್ಸಿಕಾನಾದ ಬೋಯಿಂಗ್ 727 ಮೆಕ್ಸಿಕೋ ನಗರದಿಂದ ಹೊರಟಾಗ ಅದರ ಒಂದು ಬ್ರೇಕ್ ಹಿಡಿದುಕೊಂಡೇ ಇತ್ತು, ಟೈರಿನಲ್ಲಿ ತುಂಬಿದ್ದು ಮಾಮೂಲಿ ಗಾಳಿ. ಮೇಲೇರುವಾಗ ಟೈರು ಸಿಡಿದು ಇಂಧನ ಮತ್ತು ಹೈಡ್ರಾಲಿಕ್ ಪೈಪುಗಳು ಹರಿದವು. ಸತ್ತವರು 167. ಮರುವರ್ಷವೇ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ದೊಡ್ಡ ವಿಮಾನಗಳಿಗೆ ನೈಟ್ರೋಜನ್ ಕಡ್ಡಾಯ ಮಾಡಿತು: ಟೈರಿನೊಳಗೆ ಆಕ್ಸಿಜನ್ 5% ಮೀರಕೂಡದು.

ಹಾಗಾದರೆ ಫ್ಯೂಸ್ ಪ್ಲಗ್ ಇರುವುದೇಕೆ? ಅದರ ನಡುವಿನ ಲೋಹ ಸಾಮಾನ್ಯವಾಗಿ 175ರಿಂದ 200 ಡಿಗ್ರಿಯ ನಡುವೆ ಕರಗಿ ಗಾಳಿಯನ್ನು ಮೆಲ್ಲಗೆ ಬಿಡುತ್ತದೆ. ಆದರೆ ಅದು ಕೂತಿರುವುದು ರಿಮ್ಮಿನಲ್ಲಿ, ಅಂದರೆ ಬ್ರೇಕಿನಿಂದ ರಿಮ್ಮಿಗೆ ನಿಧಾನವಾಗಿ ಹರಿಯುವ ಬಿಸಿಗೆ ಅದು ಕಾವಲು. ಒಳಗಿನ ಅನಿಲವೇ ಹೊತ್ತಿಕೊಂಡರೆ ಒತ್ತಡ ಏರುವ ವೇಗಕ್ಕೆ ಅದು ಸಾಟಿಯಲ್ಲ, ಬಾಗಿ ಬಾಗಿ ಭುಜದಲ್ಲಿ ಹುಟ್ಟುವ ಬಿಸಿ ಅದಕ್ಕೆ ತಿಳಿಯುವುದೂ ಇಲ್ಲ.

ವಿಮಾನ ಇಳಿದ ತಕ್ಷಣ ಬ್ರೇಕಿನ ಬಿಸಿ ತುತ್ತತುದಿ ಮುಟ್ಟುವುದಿಲ್ಲ, ಹತ್ತು ಹದಿನೈದು ನಿಮಿಷ ಏರುತ್ತಲೇ ಇರುತ್ತದೆ. ಎ320ರಲ್ಲಿ 300 ಡಿಗ್ರಿ ಮೇಲಿದ್ದರೆ ಟೇಕಾಫ್ ಇಲ್ಲ. ಬ್ರೇಕ್ ತಣಿಸುವ ಫ್ಯಾನ್ ಓಡುತ್ತಿದ್ದರೆ ಮಿತಿ 150, ಏಕೆಂದರೆ ಫ್ಯಾನ್ ಗಾಳಿಗೆ ಸೆನ್ಸರ್ ಬೇಗ ತಣಿದು ಕಮ್ಮಿ ತೋರಿಸುತ್ತದೆ. ಕಾದ ಚಕ್ರದ ಬಳಿ ಹೋಗಲೇಬೇಕಾದರೆ ಮುಂದಿನಿಂದ ಇಲ್ಲವೇ ಹಿಂದಿನಿಂದ, ಪಕ್ಕದಿಂದ ಎಂದೂ ಬೇಡ. ರಿಮ್ ಒಡೆದರೆ ಚೂರುಗಳು ಹಾರುವುದು ಆಕ್ಸಲ್‌ನ ದಿಕ್ಕಿಗೆ.

ಮಳೆಗಾಲಕ್ಕೂ ಈ ಗೇಜಿಗೂ ನಂಟಿದೆ. ನೀರು ನಿಂತ ರನ್‌ವೇಯಲ್ಲಿ ಉರುಳುವ ಟೈರು ನೀರಿನ ಮೇಲೆ ತೇಲಲು ಶುರುವಾಗುವ ವೇಗ, ನಾಟ್‌ಗಳಲ್ಲಿ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್), ಪಿಎಸ್‌ಐ ಒತ್ತಡದ ವರ್ಗಮೂಲದ ಸುಮಾರು 9 ಪಟ್ಟು. ಇದು ನಾಸಾ ಪ್ರಯೋಗಗಳಿಂದ ಬಂದ ಸೂತ್ರ. 200 ಪಿಎಸ್‌ಐಗೆ 127 ನಾಟ್, 150ಕ್ಕೆ 110. ಐವತ್ತು ಪಿಎಸ್‌ಐ ಕಳೆದುಕೊಂಡ ಟೈರು ನೆಲ ಕಚ್ಚಲು ವಿಮಾನ ಇನ್ನೂ 17 ನಾಟ್ ಕಳೆದುಕೊಳ್ಳಬೇಕು.

ತುಂಬುವಾಗ ಸಿಲಿಂಡರಿನಿಂದ ನೇರವಾಗಿ ಪೈಪ್ ಹಚ್ಚಬೇಡಿ. ಸಿಲಿಂಡರಿನಲ್ಲಿರುವುದು ಎರಡು ಸಾವಿರ ಪಿಎಸ್‌ಐ ದಾಟಿದ ಒತ್ತಡ, ನಡುವೆ ರೆಗ್ಯುಲೇಟರ್ ಇರಲೇಬೇಕು. ಚಕ್ರ ಬಿಚ್ಚುವಾಗ ಪಾರ್ಕಿಂಗ್ ಬ್ರೇಕ್, ಚಾಕ್ (ಚಕ್ರ ಉರುಳದಂತೆ ಇಡುವ ಅಡ್ಡಗಟ್ಟೆ), ಜಾಕ್ ಇವೆಲ್ಲ ಎಲ್ಲರಿಗೂ ನೆನಪಿರುತ್ತವೆ. ಮರೆಯುವುದು ಆಕ್ಸಲ್ ನಟ್ ಸಡಿಲಿಸುವ ಮುನ್ನ ಗಾಳಿ ಇಳಿಸುವುದನ್ನು. ಅರ್ಧ ಚಕ್ರಗಳನ್ನು ಬೆಸೆದ ಟೈ ಬೋಲ್ಟ್ ಬಿರುಕು ಬಿಟ್ಟಿದ್ದರೆ, ಇಷ್ಟು ಹೊತ್ತು ಚಕ್ರವನ್ನು ಜೋಡಿಸಿಟ್ಟಿದ್ದು ಆ ನಟ್ಟೇ ಆಗಿರಬಹುದು. ಗಾಳಿ ಬಿಡುವಾಗ ಸುಯ್ಯೆನ್ನುವ ಸದ್ದು ನಿಂತಿತೆಂದು ಟೈರು ಖಾಲಿಯೆಂದು ತಿಳಿಯಬೇಡಿ. ರಭಸಕ್ಕೆ ವಾಲ್ವ್ ತಣಿದು, ತೇವ ಹೆಪ್ಪುಗಟ್ಟಿ ದಾರಿ ಮುಚ್ಚಿಕೊಂಡಿರುತ್ತದೆ. ಸ್ವಲ್ಪ ಕಾದು, ಮತ್ತೆ ಒತ್ತಿ, ಪೂರ್ತಿ ಹೋಯಿತೆಂದು ಖಾತ್ರಿಯಾದ ಮೇಲೆಯೇ ವಾಲ್ವಿನ ಒಳತಿರುಳು (ವಾಲ್ವ್ ಕೋರ್) ಕಳಚುವುದು, ಅದೂ ಮುಖ ಪಕ್ಕಕ್ಕಿಟ್ಟು.